ಹೊಟ್ಟೆಗೆ ಕೂತರೆ ಹೆಗಲಿಗೆ ಜಾರುತ್ತೆ: ಯಾವ ಸೈಜ್ ತಗೊಳ್ಳೋದು?

ನನ್ನ ಎತ್ತರ 5 ಅಡಿ 5 ಇಂಚು, ಹೆಗಲು ಕಿರಿದು, ಹೊಟ್ಟೆ ಮುಂದೆ. ಹೊಟ್ಟೆ ನೋಡಿ ದೊಡ್ಡ ಶರ್ಟ್ ತಗೊಂಡ್ರೆ ಹೆಗಲ ಹೊಲಿಗೆ ತೋಳಿಗೆ ಇಳಿಯುತ್ತೆ. ಚಿಕ್ಕದು ತಗೊಂಡ್ರೆ ಕೂತಾಗ ಗುಂಡಿ ನಡುವೆ ಬನಿಯನ್ ಕಾಣುತ್ತೆ. ತಮ್ಮ ಇದಕ್ಕೆ ಉಲ್ಟಾ, ಉದ್ದ, ಸಣಕಲು. ಮನೇಲಿ ಮದುವೆ ಇದೆ. ಅನುಭವ ಇದ್ದವರು ಹೇಳಿ.

— ಹೊಲಿಗೆ ನನ್ನ ಕಸುಬು, ಅದಕ್ಕೇ ಸ್ವಲ್ಪ ಉದ್ದವಾಗಿ ಬರೀತೀನಿ. ಮೊದಲು ಹೆಗಲು ನೋಡಿ. ಹೊಲಿಗೆ ಹೆಗಲ ಮೂಳೆ ಮುಗಿಯೋ ಕಡೆ ಕೂರಬೇಕು. ಪಕ್ಕ ಹಿಡಿಯೋದು, ತೋಳು ಗಿಡ್ಡ ಮಾಡೋದು ಸಲೀಸು. ಹೆಗಲು ಸರಿ ಮಾಡೋಕೆ ತೋಳು ಪೂರ್ತಿ ಬಿಚ್ಚಬೇಕು, ಆ ಖರ್ಚಿಗೆ ಇನ್ನೊಂದು ಶರ್ಟ್ ಬರುತ್ತೆ. ನಿಮ್ಮಂಥ ಮೈಕಟ್ಟಿಗೆ ಹೊಲಿಸೋದೇ ಲೇಸು. ಟೇಲರ್‌ಗೆ ಒಂದು ಮಾತು ಹೇಳಿ: ಮುಂಭಾಗದ ಉದ್ದ ಸ್ವಲ್ಪ ಜಾಸ್ತಿ ಇಡಲಿ. ಬಟ್ಟೆ ಗುಡ್ಡ ಹತ್ತಿ ಇಳೀಬೇಕಲ್ಲ, ಅದಕ್ಕೇ ಹೊಟ್ಟೆ ಇರೋರ ಶರ್ಟು ಮುಂದೆ ಮೇಲೆದ್ದು ಹಿಂದೆ ಜೋಲುತ್ತೆ. ಬೆನ್ನು ಬಾಗಿದವರಿಗೆ ಹಿಂಭಾಗ ಉದ್ದ ಬೇಕು, ಇಲ್ಲದಿದ್ರೆ ಕಾಲರ್ ಕತ್ತು ಬಿಟ್ಟು ನಿಲ್ಲುತ್ತೆ. ಕಂಪ್ಯೂಟರ್ ಮುಂದೆ ಕೂರೋ ಹುಡುಗರಲ್ಲಿ ಇದು ಈಗ ಮಾಮೂಲು. ಮತ್ತೆ, ದಯವಿಟ್ಟು ಅಳತೆ ಕೊಡುವಾಗ ಉಸಿರು ಹಿಡೀಬೇಡಿ. ಎಲ್ಲರೂ ಹಿಡೀತಾರೆ. ಹೊಟ್ಟೆ ಅಳತೆ ಕೂತೂ ಒಮ್ಮೆ ತೆಗೆಸಿ.

— ರೆಡಿಮೇಡ್ ತಗೊಳ್ಳೋದಾದ್ರೆ ನಂಬರ್ ನಂಬಬೇಡಿ. ಹಲವು ಫಾರ್ಮಲ್ ಶರ್ಟ್‌ಗಳಲ್ಲಿ 39, 40, 42 ಅಂದ್ರೆ ಕಾಲರ್‌ನ ಸೆಂಟಿಮೀಟರ್. ಕ್ಯಾಶುವಲ್‌ನಲ್ಲಿ ಅದೇ ನಂಬರ್ ಎದೆಯ ಇಂಚು ಇರಬಹುದು. ಹೆಗಲಿಗೆ ಕೂರೋ ಸೈಜನ್ನೇ ಸ್ಲಿಮ್ ಬಿಟ್ಟು ಕಂಫರ್ಟ್ ಫಿಟ್‌ನಲ್ಲಿ ಹಾಕಿ ನೋಡಿ. ಕಾಲರ್ ಗುಂಡಿ ಹಾಕಿದ ಮೇಲೂ ಎರಡು ಬೆರಳು ತೂರಬೇಕು.

— ಪ್ಯಾಂಟ್ ಎಲ್ಲಿ ಕಟ್ಟತೀರಿ ಅನ್ನೂದ ಮೊದಲ ಹೇಳ್ರಿ. ಹೊಟ್ಟಿ ಕೆಳಗ ಕಟ್ಟಿದ್ರ ಹಿಂದ ಜೋಲತದ, ಕಾಲು ಗಿಡ್ಡ ಕಾಣತಾವ. ಹೊಕ್ಕಳದ ಹತ್ರ ಕಟ್ಟೂದಾದ್ರ ರೈಸ್, ಅಂದ್ರ ಕವಲಿಂದ ಸೊಂಟದ ಮಟ ಇರೂ ಅಳತಿ, ಜಾಸ್ತಿ ಇಡಸ್ರಿ, ಮುಂದ ಒಂದೊಂದು ಪ್ಲೀಟ್ (ನೆರಿಗಿ) ಹಾಕಸ್ರಿ. ಪ್ಲೀಟ್ ಅಂದ್ರ ಹಳೇ ಮಂದಿದು ಅಂತ ನನ್ನ ಮಗ ನಗತಾನ. ನಗಲಿ ಬಿಡ್ರಿ. ಪಂಕ್ತಿಯೊಳಗ ಕೆಳಗ ಕೂತಾಗ ಗೊತ್ತಾಗತದ ಯಾರು ಆರಾಮ ಅದಾರ ಅಂತ.

— ತೊಡೆ ದಪ್ಪ ಇರೋರಿಗೂ ಅದೇ ಲೆಕ್ಕ. ತೊಡೆಗೆ ಸರಿಹೋಗೋದು ತಗೊಂಡು ಸೊಂಟ ಹಿಡಿಸಿ.

— ತಮ್ಮನ ಪರವಾಗಿ ನಾನು, ನಾನೂ ಸಣಕಲು. ಮೈಗಂಟೋ ಶರ್ಟು ಎಲುಬು ಎಣಿಸುತ್ತೆ, ದೊಗಲೆ ಹಾಕಿದ್ರೆ ಅಣ್ಣಂದು ಹಾಕ್ಕೊಂಡಂಗಿರುತ್ತೆ. ತೆಳು ಪಾಲಿಯೆಸ್ಟರ್ ಬೇಡ, ಆಕ್ಸ್‌ಫರ್ಡ್ ಥರ ಸ್ವಲ್ಪ ದಪ್ಪ ನೇಯ್ಗೆ ಒಳ್ಳೇದು. ತೋಳು ಮಣಿಕಟ್ಟಿನ ಮೂಳೆ ಮುಟ್ಟಬೇಕು. ಉದ್ದ ಇರೋರಿಗೆ ರೆಡಿಮೇಡ್‌ನಲ್ಲಿ ಇದೇ ಕೈಕೊಡೋದು. ಉದ್ದ ಗೆರೆ ಹಾಕಿದ್ರೆ ಇನ್ನೂ ತೆಳ್ಳಗೆ ಕಾಣ್ತೀವಿ, ಅಡ್ಡ ಗೆರೆ ಹಾಕಲಿ.

— ಗೆರೆ ಮಾತು ಅಷ್ಟು ಸರಳ ಅಲ್ಲ. 19ನೇ ಶತಮಾನದಲ್ಲೇ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ತೋರಿಸಿದ್ದು ಉಲ್ಟಾ: ಅಡ್ಡ ಗೆರೆ ತುಂಬಿದ ಚೌಕವೇ ಉದ್ದ ಕಾಣುತ್ತೆ. ಗೆರೆ ಬಿಟ್ಟು ಫಿಟಿಂಗ್ ನೋಡ್ಲಿ.

— ಹೊಲಿಸೋರಿಗೆ: 58 ಇಂಚು ಪನ್ನದ ಶರ್ಟ್ ಪೀಸು ಸಾಮಾನ್ಯವಾಗಿ 1.6 ಮೀಟರ್ ಬರುತ್ತೆ. ಹೊಟ್ಟೆ ಇದ್ರೆ ಟೇಲರ್‌ನ ಕೇಳಿ ಜಾಸ್ತಿ ಕೊಳ್ಳಿ. ಕಾಟನ್ ಆದ್ರೆ ಮೊದಲು ನೀರಿಗೆ ಹಾಕಿ ಒಣಗಿಸಿ, ಆಮೇಲೆ ಹೊಲಿಗೆ. ಧಾರೆಗೆ ಹೇಗೂ ಪಂಚೆ, ಅದಕ್ಕೆ ಸೈಜಿನ ರಗಳೆಯೇ ಇಲ್ಲ.

— ಮೇಲೆ ಬರೆದ ಟೇಲರೇ. ಟ್ರಯಲ್‌ಗೆ ಬರುವಾಗ ಮದುವೆಗೆ ಹಾಕೋ ಶೂ, ಬೆಲ್ಟ್ ಎರಡೂ ತನ್ನಿ. ಪ್ಯಾಂಟಿನ ಉದ್ದ ಅವನ್ನು ನೋಡದೆ ಮಡಿಸೋಕಾಗಲ್ಲ. ಒಳಗೆ ಒಂದಿಂಚು ಬಟ್ಟೆ ಬಿಡಿಸಿ, ಮದುವೆ ಊಟಗಳಾದ ಮೇಲೆ ಬೇಕಾಗುತ್ತೆ.