ಅಪ್‌ಡೇಟ್: ಹಿಂದಿನ ಕಾರ್ಡ್ ಮುಂದೆ ಕಾಣುತ್ತಿದ್ದ ಸಮಸ್ಯೆ ಬಗೆಹರಿಯಿತು

ಕೇಳಿದ್ದು ಇಷ್ಟು: ವಿಡಿಯೊ ಎಫೆಕ್ಟ್ ತಂತ್ರಾಂಶ ಆಫ್ಟರ್ ಎಫೆಕ್ಟ್ಸ್‌ನಲ್ಲಿ 12 ತ್ರೀಡಿ ಕಾರ್ಡ್ ಲೇಯರ್‌ಗಳಿವೆ. ಝಡ್ ಬೆಲೆ (ಆಳ; ಹೆಚ್ಚಿದಷ್ಟೂ ಹಿಂದೆ) 600 ಇರುವ ಕಾರ್ಡ್, 0 ಇರುವುದರ ಮೇಲೆಯೇ ಕೂರುತ್ತಿದೆ, ಯಾಕೆ?

ನಡುವೆ ಟೂಡಿ ಲೇಯರ್ ಇರಬಹುದು ಎಂಬ, ಉತ್ತರಿಸಿದವರ ಊಹೆ ಸರಿ. ಕಾರ್ಡ್‌ಗಳ ನಡುವೆ ಬಣ್ಣಕ್ಕೆಂದು ಹಾಕಿದ್ದ ಟೂಡಿ ಅಡ್ಜಸ್ಟ್‌ಮೆಂಟ್ ಲೇಯರ್ (ತನ್ನ ಕೆಳಗಿನ ಲೇಯರ್‌ಗಳಿಗೆಲ್ಲ ಎಫೆಕ್ಟ್ ಹಚ್ಚುವ ಲೇಯರ್) ಇತ್ತು. ಅಂಥದ್ದೊಂದು ಮಧ್ಯೆ ಬಂದರೆ ಅದರ ಮೇಲಿನ ತ್ರೀಡಿ ಲೇಯರ್‌ಗಳು ಒಂದು ಗುಂಪು, ಕೆಳಗಿನವು ಇನ್ನೊಂದು. ಝಡ್ ಲೆಕ್ಕ ಆಯಾ ಗುಂಪಿನೊಳಗೆ ಮಾತ್ರ. ಗುಂಪು ಗುಂಪಿನ ನಡುವೆ ಟೈಮ್‌ಲೈನ್‌ನಲ್ಲಿ ಲೇಯರ್‌ಗಳು ಮೇಲೆ-ಕೆಳಗೆ ಇರುವ ಕ್ರಮವೇ ಅಂತಿಮ. ನೆರಳೂ ಆಚೆ ದಾಟುವುದಿಲ್ಲ.

ಬಣ್ಣ ಎಲ್ಲದಕ್ಕೂ ಬೇಕಿದ್ದರೆ ಆ ಲೇಯರ್ ಆರಿಸಿ ಕಂಟ್ರೋಲ್, ಶಿಫ್ಟ್, ಬಲ ಚೌಕ ಆವರಣ (]) ಒತ್ತಿದರೆ ಸಾಕು, ತುತ್ತತುದಿಗೆ ಹೋಗುತ್ತದೆ. ಇಲ್ಲಿ ಕೆಳಗಿನ ನಾಲ್ಕಕ್ಕೆ ಮಾತ್ರ ಬೇಕಿತ್ತು. ಹಾಗಾಗಿ ಎಫೆಕ್ಟನ್ನು ನೇರವಾಗಿ ಆ ಕಾರ್ಡ್‌ಗಳಿಗೇ ಪೇಸ್ಟ್ ಮಾಡಿ, ಅಡ್ಜಸ್ಟ್‌ಮೆಂಟ್ ಲೇಯರ್ ಅಳಿಸಿದ್ದಾಯಿತು.

ಪ್ರೀಕಾಂಪ್ ಮಾಡಿದವರು, ಅಂದರೆ ಹಲವು ಲೇಯರ್‌ಗಳನ್ನು ಒಂದೇ ಲೇಯರ್ ಆಗಿ ಕಟ್ಟಿದವರು, ಇದನ್ನೂ ನೋಡಿಕೊಳ್ಳಿ. ಕೊಲ್ಯಾಪ್ಸ್ ಟ್ರಾನ್ಸ್‌ಫಾರ್ಮೇಶನ್ಸ್ (ಒಳಗಿನ ಲೇಯರ್‌ಗಳ ತ್ರೀಡಿಯನ್ನು ಹೊರಗೂ ಉಳಿಸುವ ಸ್ವಿಚ್) ಆನ್ ಇದ್ದರೂ ಆ ಪ್ರೀಕಾಂಪ್ ಮೇಲೆ ಮಾಸ್ಕ್ ಅಥವಾ ಎಫೆಕ್ಟ್ ಹಾಕಿದರೆ ಅದೇ ತೊಂದರೆ ಮರುಕಳಿಸುತ್ತದೆ. ಅವೆಲ್ಲ ಒಳಗಿನ ಲೇಯರ್‌ಗಳ ಮೇಲಿರಲಿ.

ಒಟ್ಟಿಗೆ ಸರಿಸಲೆಂದು ಎಲ್ಲ ಕಾರ್ಡ್‌ಗಳನ್ನೂ ಒಂದು ನಲ್‌ಗೆ (ಕಣ್ಣಿಗೆ ಕಾಣದ ಖಾಲಿ ಲೇಯರ್) ಪೇರೆಂಟ್ ಮಾಡಿದೆ, ಅಂದರೆ ಅದರ ಚಲನೆಗೆ ಕಟ್ಟಿದೆ. ನಲ್ ಕೂಡ ತ್ರೀಡಿ ಆಗಿರಬೇಕು, ಇಲ್ಲದಿದ್ದರೆ ಝಡ್‌ನಲ್ಲಿ ಸರಿಸಲು ಆಗದು. ಅಪಾಸಿಟಿ (ಎಷ್ಟು ಗಾಢವಾಗಿ ಕಾಣಬೇಕೆಂಬುದು) ಮಾತ್ರ ಪೇರೆಂಟ್‌ನಿಂದ ಬರುವುದಿಲ್ಲ (ಬರಬೇಕಿತ್ತು ಅನ್ನಿ). ಅದಕ್ಕೆ ನಲ್ ಮೇಲೆ ಸ್ಲೈಡರ್ ಕಂಟ್ರೋಲ್ (ಒಂದು ಸಂಖ್ಯೆಯನ್ನು ಏರಿಳಿಸುವ ಎಫೆಕ್ಟ್) ಹಾಕಿ, ಕಾರ್ಡ್‌ಗಳ ಅಪಾಸಿಟಿಯನ್ನು ಪಿಕ್‌ವಿಪ್‌ನಿಂದ (ಎಳೆದು ಜೋಡಿಸುವ ಸುರುಳಿ ಗುರುತು) ಅದಕ್ಕೆ ಜೋಡಿಸಬೇಕು. ಜೋಡಿಸಿದ ತಕ್ಷಣ ಕಾರ್ಡ್‌ಗಳೆಲ್ಲ ಮಾಯವಾದರೆ ಗಾಬರಿ ಬೇಡ: ಸ್ಲೈಡರ್ ಶುರುವಾಗುವುದೇ 0ಯಿಂದ, 100 ಮಾಡಿ.