ಹಳೆಯ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಿದರೆ ಹಾಕಿದ ಖರ್ಚು ಮರಳಿ ಬರುತ್ತದೆಯೇ?

ಪ್ರಶ್ನೆ (ಮೂಡಿಗೆರೆ)

ನಮಸ್ಕಾರ. ನಮ್ಮ ಮನೆಯಲ್ಲಿ ಚೋಕ್, ಸ್ಟಾರ್ಟರ್ ಇರುವ ನಾಲ್ಕು ಹಳೆಯ ಟ್ಯೂಬ್‌ಲೈಟ್‌ಗಳೂ, ಜಗಲಿ, ಕೊಟ್ಟಿಗೆ ಮತ್ತು ಬಚ್ಚಲುಮನೆಯಲ್ಲಿ 60 ವ್ಯಾಟಿನ ಬಲ್ಬುಗಳೂ, ದೇವರ ಮನೆಯಲ್ಲಿ ಹಗಲೂ ರಾತ್ರಿ ಉರಿಯುವ ಒಂದು ಝೀರೋ ಬಲ್ಬೂ ಇವೆ. ಎಲ್ಲವನ್ನೂ ಬದಲಿಸಲು ಅಂಗಡಿಯವರು ಸುಮಾರು 1,500 ರೂಪಾಯಿ ಹೇಳುತ್ತಾರೆ. ಗೃಹಜ್ಯೋತಿಯಿಂದಾಗಿ ಹೆಚ್ಚಿನ ತಿಂಗಳು ಬಿಲ್ ಸೊನ್ನೆ ಬಂದರೂ, ಮಕ್ಕಳು ರಜೆಗೆ ಬಂದಾಗ ಬಳಕೆ 200 ಯೂನಿಟ್ ದಾಟಿ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಈ ಖರ್ಚು ಮಾಡಬಹುದೇ? ಮಳೆಗಾಲದಲ್ಲಿ ಎಲ್‌ಇಡಿ ಬೇಗ ಕೆಡುತ್ತದೆ ಎಂಬ ಮಾತನ್ನೂ ಕೇಳಿದ್ದೇನೆ.

ಉತ್ತರ (ಚಿಕ್ಕಮಗಳೂರು)

ಯಾವ ದೀಪ ಎಷ್ಟು ಹೊತ್ತು ಉರಿಯುತ್ತದೆ ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳಿ. ನನ್ನ ದೃಷ್ಟಿಯಲ್ಲಿ ಇವತ್ತೇ ತೆಗೆಯಬೇಕಾದದ್ದು ದೇವರ ಮನೆಯ ಬಲ್ಬು. ಹಳೆಯ ಝೀರೋ ಬಲ್ಬು ಸುಮಾರು 15 ವ್ಯಾಟ್ ಎಳೆಯುತ್ತದೆ. ದಿನವಿಡೀ ಉರಿದರೆ ತಿಂಗಳಿಗೆ ಹತ್ತಿರಹತ್ತಿರ 11 ಯೂನಿಟ್. ಅಲ್ಲಿಗೆ ಅರ್ಧ ವ್ಯಾಟಿನ ಎಲ್‌ಇಡಿ ಹಾಕಿದರೆ ಅರ್ಧ ಯೂನಿಟ್ ಕೂಡ ಆಗುವುದಿಲ್ಲ.

ಟ್ಯೂಬ್‌ಲೈಟಿನ ಮೇಲೆ 40 ವ್ಯಾಟ್ ಎಂದಿದ್ದರೂ ತಾಮ್ರದ ಚೋಕ್ ಸೇರಿ 50 ವ್ಯಾಟಿನಷ್ಟಾಗುತ್ತದೆ. 20 ವ್ಯಾಟಿನ ಎಲ್‌ಇಡಿ ಪಟ್ಟಿ (ಬ್ಯಾಟನ್) ಅಷ್ಟೇ ಬೆಳಕು ಕೊಡುವುದರಿಂದ, ದಿನಕ್ಕೆ ಐದು ಗಂಟೆಯಂತೆ ನಾಲ್ಕಕ್ಕೂ ಸೇರಿ ತಿಂಗಳಿಗೆ 18 ಯೂನಿಟ್ ಉಳಿಯುತ್ತದೆ. ಜಗಲಿಯ 60 ವ್ಯಾಟಿನ ಬಲ್ಬಿಗೆ 9 ವ್ಯಾಟಿನ ಎಲ್‌ಇಡಿ ಸಾಕು. ದಿನಕ್ಕೆ ನಾಲ್ಕು ಗಂಟೆ ಉರಿದರೆ ಅಲ್ಲಿ ಇನ್ನೂ ಆರು ಯೂನಿಟ್ ಉಳಿಯುತ್ತದೆ. ಅಂದರೆ ರಜೆಯ ತಿಂಗಳಲ್ಲಿ ಬಳಕೆ 220 ಬರುತ್ತಿದ್ದರೆ ಅದು 200ರ ಒಳಗೆ ನಿಲ್ಲುತ್ತದೆ, ಮತ್ತು ನಿಮಗೆ ನಿಗದಿಯಾದ ಉಚಿತ ಮಿತಿಗಿಂತ ಮೇಲಿನ ಯೂನಿಟ್‌ಗಳಿಗಷ್ಟೇ ಹಣ ಕಟ್ಟಿದರಾಯಿತು. ನಿಮ್ಮ ಲಾಭ ಇರುವುದು ಇಲ್ಲಿಯೇ. ಬಿಲ್ ಸೊನ್ನೆ ಬರುವ ತಿಂಗಳಲ್ಲಿ ಕೈಗೆ ಏನೂ ಉಳಿಯುವುದಿಲ್ಲ. ಬಚ್ಚಲುಮನೆಯ ಬಲ್ಬು ಅರ್ಧ ಗಂಟೆ ಮಾತ್ರ ಉರಿಯುವುದಾದರೆ ಅದು ಸುಡುವವರೆಗೂ ಇರಲಿ.

ಉತ್ತರ (ಕೊಪ್ಪ)

ಮಳೆಗಾಲದ ಮಾತು ಸುಳ್ಳಲ್ಲ, ಆದರೆ ಸಾಮಾನ್ಯವಾಗಿ ಮೊದಲು ಕೆಡುವುದು ಒಳಗಿನ ಡ್ರೈವರ್, ಅಂದರೆ ಕರೆಂಟನ್ನು ಎಲ್‌ಇಡಿಗೆ ಹೊಂದಿಸಿಕೊಡುವ ಸರ್ಕಿಟ್. ಸಿಡಿಲು ಬಂದಾಗಲೂ ಕರೆಂಟ್ ಹೋಗಿ ಮರಳಿದಾಗಲೂ ಲೈನಿನಲ್ಲಿ ವೋಲ್ಟೇಜ್ ಒಮ್ಮೆಲೇ ಏರಿ ಅದನ್ನು ಸುಡುತ್ತದೆ. ಪೆಟ್ಟಿಗೆಯ ಮೇಲೆ 4 ಕೆವಿ ಸರ್ಜ್ ರಕ್ಷಣೆ (4,000 ವೋಲ್ಟಿನವರೆಗಿನ ಇಂಥ ಏರಿಕೆ ತಡೆಯುವುದು) ಎಂದು ಬರೆದಿರುವ, ಐಎಸ್‌ಐ ಗುರುತು ಮತ್ತು ವಿದ್ಯುತ್ ಉಳಿತಾಯ ತೋರಿಸುವ ಬಿಇಇ ನಕ್ಷತ್ರಗಳಿರುವ ದೀಪವನ್ನೇ ಕೊಳ್ಳಿ. ರಸೀದಿ ಜೋಪಾನವಾಗಿಟ್ಟರೆ ಗ್ಯಾರಂಟಿಯ ಅವಧಿಯಲ್ಲಿ ಬದಲಿಸಿಕೊಡುತ್ತಾರೆ. ಗಾಳಿಯಾಡದ ಗಾಜಿನ ಬುರುಡೆಯೊಳಗೆ ಹಾಕಬೇಡಿ, ಶಾಖಕ್ಕೆ ಡ್ರೈವರ್ ಬಾಳುವುದಿಲ್ಲ.

ಇನ್ವರ್ಟರ್ ಇದ್ದರೆ ಲೆಕ್ಕವೇ ಬೇರೆ. ನಾಲ್ಕು ಟ್ಯೂಬ್‌ಲೈಟ್‌ಗಳ 200 ವ್ಯಾಟ್ ಹೊರೆ 80ಕ್ಕೆ ಇಳಿದಾಗ ಅದೇ ಬ್ಯಾಟರಿ ಎರಡೂವರೆ ಪಟ್ಟು ಹೊತ್ತು ದೀಪ ಉರಿಸುತ್ತದೆ. ಜುಲೈನಲ್ಲಿ ಮರ ಬಿದ್ದು ಲೈನ್ ಹೋಗುವ ನಮ್ಮ ಕಡೆ, ಬಿಲ್ಲಿಗಿಂತ ಇದನ್ನೇ ನಾನು ದೊಡ್ಡ ಪ್ರಯೋಜನವೆಂದು ಎಣಿಸುತ್ತೇನೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಟ್ಯೂಬ್‌ಲೈಟಿನ ಹಳೆಯ ಪಟ್ಟಿಯನ್ನೇ ಉಳಿಸಿಕೊಂಡು ಎಲ್‌ಇಡಿ ಟ್ಯೂಬ್ ಮಾತ್ರ ಹಾಕಬಹುದೇ?

ಉತ್ತರ (ಚಿಕ್ಕಮಗಳೂರು)

ಹಾಕಬಹುದು, ಆದರೆ ಹೆಚ್ಚಿನ ಟ್ಯೂಬ್‌ಗಳಿಗೆ ಚೋಕ್ ತಪ್ಪಿಸಿ ವೈರಿಂಗ್ ಬದಲಿಸಬೇಕಾಗುತ್ತದೆ. ಆ ಕೂಲಿಯನ್ನೂ ಸೇರಿಸಿ ನೋಡಿದರೆ ಹೊಸ ಎಲ್‌ಇಡಿ ಪಟ್ಟಿಯೇ ಅಗ್ಗ; ಯಾವುದನ್ನು ಹಾಕಿದರೂ ಮೇನ್ ಸ್ವಿಚ್ ಆರಿಸಿ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.