ಸಂಬಳ ಬರುತ್ತಿದೆ, ಮನೆ ನಡೆಸುವ ವ್ಯವಹಾರ ಮಾತ್ರ ತಿಳಿಯದು

ಪ್ರಶ್ನೆ: ವಾಕಡ್, ಪುಣೆ

ಎಲ್ಲರಿಗೂ ನಮಸ್ಕಾರ. ನಾನು ಗದಗ ಜಿಲ್ಲೆಯವನು, ಹಿಂಜವಡಿಯ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಪಿ.ಜಿ.ಯಲ್ಲಿ ಇರುವವರೆಗೆ ಏನೂ ಅನ್ನಿಸಿರಲಿಲ್ಲ. ಅಪ್ಪ-ಅವ್ವನನ್ನು ಕರೆತಂದು ಜೊತೆಗಿಟ್ಟುಕೊಳ್ಳಬೇಕೆಂದು ಈಗ ಬಾಡಿಗೆ ಮನೆ ಹಿಡಿದ ಮೇಲೆ, ವಯಸ್ಸಿಗೆ ಬಂದಿದ್ದೇನೆಂಬುದು ಆಧಾರ್ ಕಾರ್ಡಿನಲ್ಲಿ ಮಾತ್ರ ನಿಜವೇನೋ ಎಂಬ ಅನುಮಾನ ಹುಟ್ಟಿದೆ.

ಕರಾರು ನೋಂದಾಯಿಸಲು ಏಜೆಂಟ್ ಲ್ಯಾಪ್‌ಟಾಪ್, ಕ್ಯಾಮೆರಾ, ಹೆಬ್ಬೆರಳಿನ ಗುರುತು ಹಿಡಿಯುವ ಪುಟ್ಟ ಯಂತ್ರ ಎಲ್ಲವನ್ನೂ ಹೊತ್ತು ಮನೆಗೇ ಬಂದರು. ನಡುಮನೆಯಲ್ಲಿ ಒಂದು ಸ್ಟೂಲೂ ಇರಲಿಲ್ಲವಾದ್ದರಿಂದ ಅಡುಗೆ ಕಟ್ಟೆಯ ಮೇಲೆ ಅವನ್ನು ಹರಡಿಕೊಂಡು, "ನಿಮ್ಮ ಸಾಕ್ಷಿದಾರರನ್ನು ಕರೆಯಿರಿ, ಆಧಾರ್ ತರಲು ಹೇಳಿ" ಎಂದರು. ವಾರದ ದಿನ ಮಧ್ಯಾಹ್ನ ನನಗಾಗಿ ಬಂದು ಹೆಬ್ಬೆಟ್ಟು ಒತ್ತುವವರು ಈ ಊರಿನಲ್ಲಿ ಯಾರಿದ್ದಾರೆಂದು ಯೋಚಿಸುತ್ತ ನಾನು ಮೊಬೈಲಿನ ಪಟ್ಟಿಯನ್ನು ಮೇಲೆ ಕೆಳಗೆ ಸರಿಸುತ್ತ ನಿಂತೆ. ಕೊನೆಗೆ ಅವರೇ ತಮ್ಮ ಪರಿಚಯದ ಹುಡುಗರನ್ನು ಕರೆಸಿದರು, ಅದಕ್ಕೆ ಬೇರೆ ಹಣವನ್ನೂ ತೆಗೆದುಕೊಂಡರು.

ಸಂಬಳದ ಚೀಟಿಯಲ್ಲಿ ಫೆಬ್ರವರಿಯಲ್ಲಿ ಏಕೆ ಹೆಚ್ಚು ಹಣ ಕಡಿತವಾಯಿತು, ಭವಿಷ್ಯ ನಿಧಿಯ ಹಣ ಎಲ್ಲಿ ಸೇರುತ್ತದೆ, ಏಜೆಂಟ್ ಹೇಳಿದ ಲೆಕ್ಕ ಸರಿಯೇ ತಪ್ಪೇ, ಇವು ಯಾವುವೂ ನನಗೆ ಗೊತ್ತಿಲ್ಲ. ನನ್ನ ವಯಸ್ಸಿಗೆ ಅಪ್ಪ ಹೊಲ, ಸಹಕಾರಿ ಸಂಘದ ಸಾಲ, ಅತ್ತೆಯ ಮದುವೆ ಇಷ್ಟನ್ನೂ ನಿಭಾಯಿಸಿದ್ದರು. ನೀವೆಲ್ಲ ಇದನ್ನು ಎಲ್ಲಿ, ಯಾರಿಂದ ಕಲಿತಿರಿ?

ಉತ್ತರ: ಮಾಟುಂಗಾ, ಮುಂಬಯಿ

ತಮ್ಮಾ, ನಿಮ್ಮ ತಂದೆಯವರು ಅಷ್ಟನ್ನೂ ಒಬ್ಬರೇ ನಿಭಾಯಿಸಿದ್ದರೇ ಎಂದು ಅವರನ್ನೇ ಒಮ್ಮೆ ಕೇಳಿ ನೋಡಿ. ಸಾಲದ ಅರ್ಜಿ ಬರೆದುಕೊಟ್ಟವರು ಯಾರು, ಜಾಮೀನಿಗೆ ನಿಂತವರು ಯಾರು, ಮದುವೆಗೆ ಅಕ್ಕಿ-ಬೇಳೆ ಉದ್ದರಿ ಕೊಟ್ಟ ಅಂಗಡಿ ಯಾವುದು ಎಂದು ವಿಚಾರಿಸಿದರೆ ಹತ್ತಾರು ಹೆಸರುಗಳು ಹೊರಬರುತ್ತವೆ.

ನಾನು ಕುಂದಾಪುರದ ಕಡೆಯವನು. ಕೊಂಕಣ ರೈಲು 1998ರಲ್ಲಿ ಪೂರ್ತಿಯಾಗುವುದಕ್ಕೆ ಎಷ್ಟೋ ಮೊದಲು, ಮೀಸೆ ಮೂಡುವ ವಯಸ್ಸಿನಲ್ಲಿ, ಬಸ್ಸಿನಲ್ಲಿ ಈ ಊರಿಗೆ ಬಂದೆ. ಹಗಲು ಹೋಟೆಲಿನಲ್ಲಿ ಕೆಲಸ, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಪಾಠ. ನನ್ನಂತೆ ಓದಿದವರು ಇಲ್ಲಿನ ಫೋರ್ಟ್ ಬಡಾವಣೆಯ ಸುತ್ತಮುತ್ತ ಬಹಳ ಮಂದಿ ಇದ್ದರು. ನಾವು ಗಟ್ಟಿಗರೆಂದು ಈಗಿನವರು ಹೊಗಳುತ್ತಾರೆ. ಆದರೆ ನಮಗೆ ಬಾಡಿಗೆಯ ಚಿಂತೆ ಇರಲಿಲ್ಲ, ಮಲಗಲು ಹೋಟೆಲಿನ ಮಾಳಿಗೆ ಇತ್ತು. ಊಟದ ಚಿಂತೆಯೂ ಇರಲಿಲ್ಲ. ಊರಿಗೆ ಮನಿಯಾರ್ಡರ್ ಫಾರಂ ಬರೆದುಕೊಡುತ್ತಿದ್ದವರು ಗಲ್ಲೆಯಲ್ಲಿ ಕುಳಿತ ಭಟ್ಟರು, ರೇಶನ್ ಕಾರ್ಡಿಗೆ ಓಡಾಡಿದವರು ಊರಿನವರೇ ಆದ ಒಬ್ಬ ಹಿರಿಯರು. ನನ್ನ ಮೊದಲ ಬ್ಯಾಂಕ್ ಖಾತೆಗೆ ಪರಿಚಯದ ಸಹಿ ಹಾಕಿದವರು ರಾತ್ರಿ ಶಾಲೆಯ ಮಾಸ್ತರರು. ನಾನು ಮಾಡುತ್ತಿದ್ದದ್ದು ಅವರು ತೋರಿಸಿದಲ್ಲಿ ಸಹಿ ಮಾಡುವುದಷ್ಟೇ.

ಅಂದು ಹತ್ತು ಮಂದಿಯಲ್ಲಿ ಹಂಚಿಹೋಗಿದ್ದ ಕೆಲಸವನ್ನು ಇಂದು ನೀವು ಒಬ್ಬರೇ, ಅದೂ ಮೊಬೈಲಿನ ಪರದೆಯ ಮುಂದೆ ಕುಳಿತು, ಮಾಡುತ್ತಿದ್ದೀರಿ. ಹೆದರಿಕೆಯಾಗುವುದು ಸಹಜ. ಪುಣೆಯಲ್ಲಿಯೂ ಕನ್ನಡ ಸಂಘವಿದೆ. ರಾಜ್ಯೋತ್ಸವದ ದಿನ ಮಾತ್ರ ಮುಖ ತೋರಿಸದೆ ಆಗಾಗ ಹೋಗಿ ಬನ್ನಿ, ಮುಂದಿನ ಕರಾರಿನ ಹೊತ್ತಿಗೆ ಸಾಕ್ಷಿಗಳು ಅಲ್ಲಿಯೇ ಸಿಗುತ್ತಾರೆ.

ಉತ್ತರ: ಚಿಂಚವಡ, ಪುಣೆ

ನಾನು ಕಂಪನಿಯೊಂದರ ಸಂಬಳ ವಿಭಾಗದಲ್ಲಿದ್ದೇನೆ. ಮಾಟುಂಗಾದ ಹಿರಿಯರ ಮಾತನ್ನು ಒಪ್ಪುತ್ತೇನೆ, ಆದರೆ ಈ ತಿಂಗಳ ಮಟ್ಟಿಗೆ ನಿಮಗೆ ಬೇಕಾಗಿರುವುದು ಲೆಕ್ಕ.

ಫೆಬ್ರವರಿಯ ಕಡಿತ ವೃತ್ತಿ ತೆರಿಗೆಯದು. ಮಹಾರಾಷ್ಟ್ರದಲ್ಲಿ ನಿಮ್ಮಂಥ ಸಂಬಳದಾರರಿಗೆ ತಿಂಗಳಿಗೆ 200 ರೂಪಾಯಿ, ಫೆಬ್ರವರಿಯಲ್ಲಿ ಮಾತ್ರ 300, ಒಟ್ಟು ವರ್ಷಕ್ಕೆ 2,500. ಪ್ರತಿ ವರ್ಷ ಮಾರ್ಚಿನ ಮೊದಲ ವಾರ ಈ ನೂರು ರೂಪಾಯಿಯ ಬಗ್ಗೆ ನನ್ನ ಮೇಜಿನ ಮುಂದೆ ಸಾಲು ನಿಲ್ಲುತ್ತದೆ, ಅದರಲ್ಲಿ ಮ್ಯಾನೇಜರುಗಳೂ ಇರುತ್ತಾರೆ. ಭವಿಷ್ಯ ನಿಧಿಯ ವಿಷಯದಲ್ಲಿ ನಿಮ್ಮ ಯು.ಎ.ಎನ್., ಅಂದರೆ ನಿಧಿಯ ಸದಸ್ಯರಿಗೆ ಕೊಡುವ ಗುರುತಿನ ಸಂಖ್ಯೆಯೇ ಮುಖ್ಯ, ಕೆಲಸ ಬದಲಾದರೂ ಅದು ಬದಲಾಗುವುದಿಲ್ಲ. ಹೊಸ ಕಂಪನಿಗೆ ಸೇರುವಾಗ ಅದನ್ನೇ ಕೊಟ್ಟು ಹಳೆಯ ಹಣವನ್ನು ವರ್ಗಾಯಿಸಿಕೊಳ್ಳಿ, ಕೈಗೆ ತೆಗೆದುಕೊಳ್ಳಬೇಡಿ.

ಇನ್ನು ಕರಾರು. ಹನ್ನೊಂದು ತಿಂಗಳಿಗೆ ಬರೆದರೆ ನೋಂದಣಿ ಬೇಡವೆಂಬ ನಂಬಿಕೆಯನ್ನು ಊರಿನಿಂದ ಬಂದವರು ಜೊತೆಗೇ ತಂದಿರುತ್ತಾರೆ. ಇಲ್ಲಿ ಅದು ನಡೆಯುವುದಿಲ್ಲ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೆಯ ಕಲಮಿನ ಪ್ರಕಾರ ಲೀವ್ ಅಂಡ್ ಲೈಸೆನ್ಸ್ ಕರಾರು (ನೀವು ಮಾಡಿಕೊಂಡಂಥ ಬಾಡಿಗೆ ಕರಾರಿಗೆ ಇಲ್ಲಿನ ಹೆಸರು) ಲಿಖಿತವಾಗಿರಬೇಕು, ನೋಂದಣಿಯಾಗಿರಬೇಕು, ನೋಂದಾಯಿಸುವ ಹೊಣೆ ಮನೆಯ ಮಾಲೀಕರದು. ಮುದ್ರಾಂಕ ಶುಲ್ಕವೆಂದರೆ ಕರಾರಿನ ಅವಧಿಯ ಒಟ್ಟು ಬಾಡಿಗೆ ಹಾಗೂ ಡಿಪಾಸಿಟ್ ಮೇಲೆ ವರ್ಷಕ್ಕೆ ಶೇಕಡಾ 10ರಂತೆ ಹಿಡಿದ ಬಡ್ಡಿ, ಈ ಎರಡನ್ನೂ ಕೂಡಿಸಿ ಅದರ ಶೇಕಡಾ 0.25. ಬಾಡಿಗೆ 18,000, ಡಿಪಾಸಿಟ್ 50,000 ಎಂದುಕೊಂಡರೆ ಹನ್ನೊಂದು ತಿಂಗಳಿಗೆ ಸುಮಾರು 500 ರೂಪಾಯಿ ಆಗುತ್ತದೆ. ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿ ನೋಂದಣಿ ಶುಲ್ಕ 1,000. ಇದಕ್ಕಿಂತ ಎಷ್ಟು ಹೆಚ್ಚು ಕೊಟ್ಟಿದ್ದೀರೋ ಅದರಲ್ಲಿ ಹೆಚ್ಚಿನದು ಏಜೆಂಟರ ದುಡಿಮೆಯ ಹಣ. ಕೊಡಬಾರದೆಂದಲ್ಲ, ಆದರೆ ಚೌಕಾಶಿಗೆ ಜಾಗವಿದೆಯೆಂಬುದು ಗೊತ್ತಿರಲಿ. ಸಾಮಾನು ಇಳಿಸುವ ಮೊದಲು ಗೋಡೆ, ನಲ್ಲಿ, ಗೀಸರ್‌ಗಳ ಫೋಟೋ ತೆಗೆದು ಮಾಲೀಕರಿಗೆ ಕಳುಹಿಸಿಬಿಡಿ. ಡಿಪಾಸಿಟ್ ಹಿಂದಿರುಗಿಸುವ ದಿನ ಬಣ್ಣದ ಜಗಳ ತಪ್ಪಿದ್ದಲ್ಲ.

ಉತ್ತರ: ವಾಸ್ಕೊ, ಗೋವಾ

ಹಿರಿಯರ ಮೇಲಿನ ಗೌರವದಿಂದಲೇ ಒಂದು ಮಾತು ಹೇಳುತ್ತೇನೆ. ಯಾರೋ ಬರೆದುಕೊಟ್ಟು ನಾವು ಸಹಿ ಮಾಡುವ ಆ ವ್ಯವಸ್ಥೆಯ ಬೆಲೆಯನ್ನು ತೆತ್ತವರು ಮನೆಯ ಹೆಂಗಸರು. ನಮ್ಮ ತಂದೆಯವರು ಬಂದರಿನಲ್ಲಿ ನೌಕರಿಯಲ್ಲಿದ್ದರು. ಅವರು ತೀರಿಕೊಂಡಾಗ, ಮೂವತ್ತು ವರ್ಷ ಸಂಸಾರ ಮಾಡಿದ ಅಮ್ಮನಿಗೆ ಖಾತೆಗಳು ಯಾವ ಬ್ಯಾಂಕಿನಲ್ಲಿವೆ ಎಂಬುದೂ ತಿಳಿದಿರಲಿಲ್ಲ. ಒಂದು ಖಾತೆಗೆ ನಾಮಿನಿಯೇ ಇರಲಿಲ್ಲ. ಆ ಹಣಕ್ಕಾಗಿ ಅಮ್ಮ ವಾರಸುದಾರರ ಪತ್ರ, ಅಫಿಡವಿಟ್ಟು ಎಂದು ಅಲೆಯಬೇಕಾಯಿತು. ಒಬ್ಬರೇ ಎಲ್ಲವನ್ನೂ ಕಲಿಯುವುದು ಕಷ್ಟವೇ ಹೌದು, ಆದರೆ ಕಲಿಯದೆ ಉಳಿಯುವ ಕಷ್ಟ ಅದಕ್ಕಿಂತ ದೊಡ್ಡದು. ನೀವು ಭವಿಷ್ಯ ನಿಧಿಗೆ ನಾಮಿನಿ ತುಂಬಿಸುವಾಗ ತಾಯಿಯವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಪ್ರಶ್ನೆ ಕೇಳಿದವರು: ವಾಕಡ್, ಪುಣೆ

ಎಲ್ಲರಿಗೂ ಋಣಿ. ಅಪ್ಪನಿಗೆ ಫೋನ್ ಮಾಡಿ ಕೇಳಿದೆ. ಸಾಲದ ಅರ್ಜಿ ಬರೆದುಕೊಟ್ಟವರು ಶಾನುಭೋಗರ ಮಗನಂತೆ, ಜಾಮೀನು ದೊಡ್ಡಪ್ಪನದಂತೆ. ಚಿಂಚವಡದ ಅಕ್ಕನವರಲ್ಲಿ ಇನ್ನೊಂದು ಪ್ರಶ್ನೆ: ಅವ್ವನಿಗೆ ಸಕ್ಕರೆ ಕಾಯಿಲೆ ಇದೆ. ಆರೋಗ್ಯ ವಿಮೆಯನ್ನು ಕಂಪನಿಯದರಲ್ಲಿ ಸೇರಿಸಬೇಕೇ, ಬೇರೆಯೇ ಮಾಡಿಸಬೇಕೇ?

ಉತ್ತರ: ಚಿಂಚವಡ, ಪುಣೆ

ಸಾಧ್ಯವಿದ್ದರೆ ಎರಡೂ ಇರಲಿ. ಕಂಪನಿಯ ಗುಂಪು ವಿಮೆಯಲ್ಲಿ ತಂದೆ-ತಾಯಿಯನ್ನು ಸೇರಿಸಲು ಅವಕಾಶವಿದ್ದರೆ ಮೊದಲು ಸೇರಿಸಿ, ಏಕೆಂದರೆ ಹಳೆಯ ಕಾಯಿಲೆಗೂ ಅಲ್ಲಿ ಸಾಮಾನ್ಯವಾಗಿ ಮೊದಲ ದಿನದಿಂದಲೇ ರಕ್ಷಣೆ ಇರುತ್ತದೆ. ಆದರೆ ನೌಕರಿ ಬಿಟ್ಟರೆ ಅದೂ ಹೋಗುತ್ತದೆ. ಸ್ವಂತ ಪಾಲಿಸಿಯಲ್ಲಿ ಹಳೆಯ ಕಾಯಿಲೆಗೆ ಹೆಚ್ಚೆಂದರೆ ಮೂರು ವರ್ಷ ಕಾಯಿಸಬಹುದು. ಈಗಲೇ ತೆಗೆದುಕೊಂಡರೆ ಕಾಯುವ ಆ ಅವಧಿ ಈ ನೌಕರಿಯಲ್ಲಿರುವಾಗಲೇ ಕಳೆಯುತ್ತದೆ. ಅರ್ಜಿಯಲ್ಲಿ ಸಕ್ಕರೆ ಕಾಯಿಲೆಯನ್ನು ಮುಚ್ಚಿಡಬೇಡಿ, ಏಜೆಂಟ್ ಬೇಡವೆಂದರೂ ಬರೆಸಿ. ಕಂಪನಿಯಲ್ಲಿ ಹೆಸರು ಸೇರಿಸುವ ಅವಕಾಶ ವರ್ಷದಲ್ಲಿ ಕೆಲವೇ ದಿನ ತೆರೆದಿರುತ್ತದೆ, ಆ ದಿನಾಂಕವನ್ನು ನಾಳೆಯೇ ಎಚ್.ಆರ್. ವಿಭಾಗದಲ್ಲಿ ಕೇಳಿಕೊಳ್ಳಿ.